ಕಹಳೆಯ ಮುಂದೆ ಮೂರು ನಿಮಿಷ

ಗ್ರಾಮಫೋನ್ ತಟ್ಟೆಗಾಗಿ ಭಾರತದ ನೆಲದಲ್ಲೇ ಹಾಡು ಮುದ್ರಿಸುವ ಕೆಲಸ 1902ರ ನವೆಂಬರ್‌ನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಶುರುವಾಯಿತು. ಯಂತ್ರದ ಬಳಿ ನಿಂತಿದ್ದವರು ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್. ಆ ದಿನಗಳಲ್ಲಿ ಹಾಡಿದವರಲ್ಲಿ ಹೆಚ್ಚು ಹೆಸರಾದವರು ಗೌಹರ್ ಜಾನ್. ಇಬ್ಬರೂ ಹುಟ್ಟಿದ್ದು 1873ರಲ್ಲಿ.

ವಾಷಿಂಗ್ಟನ್ನಿನ ಗೈಸ್‌ಬರ್ಗ್ ಮೊದಲು ಪಿಯಾನೊ ವಾದಕರು. ಮುದ್ರಣಕ್ಕೆ ಬಂದ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಲೇ ಯಂತ್ರದ ಕೆಲಸ ಕಲಿತರು. ತಟ್ಟೆ ಗ್ರಾಮಫೋನನ್ನು ರೂಪಿಸಿದ ಎಮಿಲ್ ಬರ್ಲಿನರ್ ಬಳಿ ದುಡಿದು, 1898ರಲ್ಲಿ ಲಂಡನ್ನಿಗೆ ಹೋದರು. ಕಲ್ಕತ್ತೆಗೆ ಬರುವ ಕೆಲವೇ ತಿಂಗಳ ಮೊದಲು ಮಿಲಾನ್‌ನಲ್ಲಿ ಎನ್ರಿಕೊ ಕರುಸೊ ಅವರ ಹತ್ತು ಹಾಡುಗಳನ್ನು ಮುದ್ರಿಸಿದ್ದರು. ಗಾಯಕರನ್ನು ಹುಡುಕುವುದು, ಸಂಭಾವನೆ ಮಾತಾಡುವುದು, ಮುದ್ರಿಸುವುದು ಎಲ್ಲವೂ ಅವರ ಪಾಲಿನ ಕೆಲಸವೇ ಆಗಿತ್ತು.

ಆಗ ಮೈಕ್ ಇರಲಿಲ್ಲ. ಗಾಯಕಿ ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ದನಿಗೆ ಕಹಳೆಯ ತುದಿಯ ತೆಳು ಪೊರೆ ಅದುರಿ, ಅದಕ್ಕೆ ಹೊಂದಿಸಿದ ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಾರಸ್ಥಾಯಿಗೆ ಏರಿದಾಗ ಹಿಂದೆ ಸರಿಯಬೇಕು, ಇಲ್ಲವಾದರೆ ಮುಳ್ಳು ಕುಣಿದು ತಟ್ಟೆ ಕೆಡುತ್ತದೆ. ಮಂದ್ರಕ್ಕೆ ಇಳಿದಾಗ ಮುಂದೆ ಬಾಗಬೇಕು. ದನಿಯ ಏರಿಳಿತವನ್ನು ಹದಗೊಳಿಸುವ ಗುಂಡಿ ಯಾವುದೂ ಇಲ್ಲದ ಕಾಲದಲ್ಲಿ ಗಾಯಕರ ಭುಜ ಹಿಡಿದು ಹಿಂದೆಮುಂದೆ ಸರಿಸುವುದೂ ಮುದ್ರಣಕಾರರ ಕೆಲಸವಾಗಿತ್ತು. ವಾದ್ಯಗಳ ದನಿ ಕಹಳೆಗೆ ಸರಿಯಾಗಿ ಸಿಗುತ್ತಿರಲಿಲ್ಲ. ಪಕ್ಕವಾದ್ಯದವರನ್ನು ಎಲ್ಲಿ ಕೂರಿಸಬೇಕೆಂಬುದನ್ನು ಪ್ರತಿ ಸಲವೂ ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕಿತ್ತು.

ಇದಕ್ಕಿಂತ ಕಠಿಣವಾದದ್ದು ಸಮಯ. ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದಷ್ಟೇ ಜಾಗ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರೊಳಗೆ ಹಿಡಿಯುವುದು ಹೇಗೆ? ಗೌಹರ್ ಜಾನ್ ಆಲಾಪವನ್ನು ನಾಲ್ಕಾರು ಸ್ವರಗುಚ್ಛಗಳಿಗೆ ಇಳಿಸಿ, ಬೇಗನೆ ಚೀಜಿಗೆ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿಗೆ, ಬಂದು, ಚುರುಕಾದ ತಾನುಗಳಿಂದ ಮುಗಿಸಿದರು. ಇದನ್ನು ಬರೀ ರಾಜಿ ಎನ್ನುವುದು ಅನ್ಯಾಯ. ಯಾವುದನ್ನು ಬಿಟ್ಟರೂ ರಾಗ ಉಳಿಯುತ್ತದೆ ಎಂಬುದು ಆಳವಾಗಿ ಬಲ್ಲವರಿಗಷ್ಟೇ ಗೊತ್ತಿರುವ ವಿಷಯ. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಮೂಲ ಮುದ್ರಿಕೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲು ಇದ್ದ ದಾರಿ ಅದು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ತಟ್ಟೆಗಳು ಇಲ್ಲಿಯೇ ತಯಾರಾಗತೊಡಗಿದವು.

ಯಂತ್ರ ಗಂಟಲನ್ನು ಕಸಿದೀತೆಂಬ ಭಯವೋ, ಕಲೆ ಅಗ್ಗವಾದೀತೆಂಬ ಅಳುಕೋ, ಅನೇಕ ಉಸ್ತಾದರು ಆರಂಭದಲ್ಲಿ ದೂರ ನಿಂತರು. ಮುಂದೆ ಬಂದವರು ಹಾಡು-ಕುಣಿತವನ್ನೇ ವೃತ್ತಿಯಾಗಿಸಿಕೊಂಡಿದ್ದ ತವಾಯಿಫರು ಮತ್ತು ರಂಗಭೂಮಿಯ ನಟಿಯರು. ದಕ್ಷಿಣದಲ್ಲಿ ಬೆಂಗಳೂರು ನಾಗರತ್ನಮ್ಮನವರೂ ತಟ್ಟೆಗಳಿಗೆ ಹಾಡಿದರು. ಸಮಾಜ ಗೌರವದಿಂದ ಕಾಣದ ಹೆಂಗಸರೇ ಹೊಸ ಕಸುಬನ್ನು ಧೈರ್ಯವಾಗಿ ಕಲಿತು ದೇಶಕ್ಕೆ ಕಲಿಸಿದರು. ಆ ಋಣಕ್ಕೆ ಸಲ್ಲಬೇಕಾದ ಮನ್ನಣೆ ಇಂದಿಗೂ ಪೂರ್ತಿ ಸಂದಿಲ್ಲ.

1925ರ ಹೊತ್ತಿಗೆ ವಿದ್ಯುತ್ ಮುದ್ರಣ ಬಂದು ಕಹಳೆ ಮೂಲೆ ಸೇರಿತು. ಮೈಕ್ ಪಿಸುದನಿಯನ್ನೂ ಹಿಡಿಯಿತು. ದನಿಯನ್ನು ಕಹಳೆಗೆ ಹೊಡೆಯುವಂತೆ ಹಾಡಲು ಕಲಿತವರ ವಿದ್ಯೆಗೆ ಬೇಡಿಕೆ ಕುಗ್ಗಿತು. ಇಳಿವಯಸ್ಸಿನಲ್ಲಿ ಸಂಪತ್ತು ಕರಗಿದ ಗೌಹರ್ ಜಾನ್ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಮೈಸೂರಿಗೆ ಕರೆಸಿ, ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಗೈಸ್‌ಬರ್ಗ್ 1939ರವರೆಗೆ ಅದೇ ಉದ್ಯಮದಲ್ಲಿದ್ದು, 1942ರಲ್ಲಿ ತಮ್ಮ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿ, 1951ರಲ್ಲಿ ಲಂಡನ್ನಿನಲ್ಲಿ ನಿಧನರಾದರು.