ಟೌನ್ ಹಾಲ್ ಬಾಗಿಲಲ್ಲಿ ‘ವಾರಂಟ್’, ಮತಪತ್ರದಲ್ಲಿ ಕಾನೂನಿನ ಪ್ರಶ್ನೆ: ಇದು ಮ್ಯಾಸಚೂಸೆಟ್ಸ್ ಚುನಾವಣೆ

ಅಮೆರಿಕದ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಚುನಾವಣೆ ಬಂತೆಂದರೆ ಮತದಾರನ ಮುಂದೆ ಎರಡು ಬಗೆಯ ಕೆಲಸಗಳಿರುತ್ತವೆ. ತನ್ನನ್ನು ಪ್ರತಿನಿಧಿಸುವವರು ಯಾರು ಎಂಬುದನ್ನು ಆರಿಸುವುದು ಒಂದು. ಅದೇ ಮತಪತ್ರದಲ್ಲಿ ಮುದ್ರಿತವಾದ ಕಾನೂನಿನ ಪ್ರಸ್ತಾವಗಳಿಗೆ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸುವುದು ಮತ್ತೊಂದು. ಈ ಎರಡನೆಯ ಕೆಲಸದಲ್ಲಿ ಮತದಾರನೇ ಶಾಸಕನ ಸ್ಥಾನದಲ್ಲಿ ಕುಳಿತಿರುತ್ತಾನೆ. ಆದ್ದರಿಂದ ಪ್ರಶ್ನೆ ಏನೆಂಬುದು ಆತನಿಗೆ ಮುಂಚಿತವಾಗಿ ತಿಳಿದಿರಲೇಬೇಕು. ಓದದೆ ಒತ್ತಿದ ಮತವೂ ಕಾನೂನಾಗಿಬಿಡಬಲ್ಲದು. ಊರಿನ ನಿವಾಸಿಗಳಿಗೆ ಚುನಾವಣೆಯ ಸೂಚನೆ ತಲುಪಿಸುವ ಕ್ರಮ ಅಲ್ಲಿ ಅಷ್ಟೊಂದು ವಿಧಿವತ್ತಾಗಿರುವುದು ಈ ಕಾರಣಕ್ಕೆ.

ನಮ್ಮ ಓದುಗರಿಗೆ ಇದು ತುಸು ಅಪರಿಚಿತ. ಭಾರತದ ಸಂವಿಧಾನದಲ್ಲಿ ನಾಗರಿಕರೇ ಮಸೂದೆ ಮಂಡಿಸಿ ತಾವೇ ಅಂಗೀಕರಿಸುವ ಅವಕಾಶವಿಲ್ಲ. ನೆರೆಯ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರದೊಡನೆ ವಿಲೀನವಾಗಬೇಕೇ ಬೇಡವೇ ಎಂದು ಜನಾಭಿಪ್ರಾಯ ಕೇಳಿದ್ದುಂಟು. ವಿಲೀನಕ್ಕೆ ಹೂವು, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡೆಲೆಯ ಚಿಹ್ನೆ ನೀಡಲಾಗಿತ್ತು; ಎರಡೆಲೆ ಗೆದ್ದಿತು. ಆದರೆ ಅದಕ್ಕಾಗಿ ಸಂಸತ್ತು ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಪ್ರಶ್ನೆಗಳು ಎರಡು ವರ್ಷಕ್ಕೊಮ್ಮೆ ಬರುವ ರಾಜ್ಯ ಚುನಾವಣೆಯ ಮಾಮೂಲು ಭಾಗ.

ವಾರಂಟ್ ಎಂದರೆ ಬಂಧನವಲ್ಲ

ರಾಜ್ಯದಲ್ಲಿ ನಗರ ಮತ್ತು ಪಟ್ಟಣಗಳು ಸೇರಿ ಒಟ್ಟು 351 ಸ್ಥಳೀಯ ಆಡಳಿತಗಳಿವೆ. ಪಟ್ಟಣದ ಆಡಳಿತ ನಡೆಸುವ ಚುನಾಯಿತ ಮಂಡಳಿಗೆ ಸೆಲೆಕ್ಟ್ ಬೋರ್ಡ್ ಎಂದು ಹೆಸರು. ರಾಜ್ಯ ಚುನಾವಣೆ ಸಮೀಪಿಸಿದಾಗ ಈ ಮಂಡಳಿಯ ಸದಸ್ಯರು ಒಂದು ಆದೇಶಪತ್ರಕ್ಕೆ ಸಹಿ ಹಾಕಿ ಊರಿನ ಕಾನ್‌ಸ್ಟೇಬಲ್ ಕೈಗೆ ಕೊಡುತ್ತಾರೆ. ಅದೇ ವಾರಂಟ್. ಮತದಾನದ ಹಕ್ಕುಳ್ಳ ನಿವಾಸಿಗಳಿಗೆಲ್ಲ ಇಂಥ ದಿನ, ಇಂಥ ಮತಗಟ್ಟೆಯಲ್ಲಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮತ ನೀಡಲು ಬರಬೇಕೆಂದು ತಿಳಿಸಿ ಎಚ್ಚರಿಸತಕ್ಕದ್ದು ಎಂಬುದು ಅದರ ಒಕ್ಕಣೆ. ಭಾಷೆ ಹಳೆಯ ಕಾಲದ್ದು. ನಮ್ಮ ಹಳ್ಳಿಗಳ ಡಂಗುರವನ್ನು ಕಾಗದಕ್ಕಿಳಿಸಿದಂತೆ ತೋರುತ್ತದೆ.

ಚುನಾವಣೆಗೆ ಕನಿಷ್ಠ ಏಳು ದಿನ ಮುಂಚೆ ಕಾನ್‌ಸ್ಟೇಬಲ್ ಈ ಪತ್ರವನ್ನು ಊರಿನ ನಿಗದಿತ ಸಾರ್ವಜನಿಕ ಸ್ಥಳಗಳಲ್ಲಿ ಅಂಟಿಸಬೇಕು. ಎಲ್ಲೆಲ್ಲಿ ಎಂಬುದನ್ನು ಆಯಾ ಪಟ್ಟಣದ ಉಪನಿಯಮ ಹೇಳುತ್ತದೆ. ಟೌನ್ ಹಾಲ್, ಅಂಚೆ ಕಚೇರಿ, ಗ್ರಂಥಾಲಯಗಳು ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ಅಂಟಿಸಿದ ಬಳಿಕ ಆ ಕೆಲಸ ಮಾಡಿದ್ದಾಗಿ ಸಹಿ ಹಾಕಿ ವಾರಂಟನ್ನು ಹಿಂದಿರುಗಿಸುವುದೂ ಕಾನ್‌ಸ್ಟೇಬಲ್‌ನ ಕರ್ತವ್ಯ. ಟೌನ್ ಕ್ಲರ್ಕ್ ಅದನ್ನು ದಾಖಲೆಯಲ್ಲಿ ಇರಿಸಿಕೊಳ್ಳುತ್ತಾರೆ.

2024ರ ನವೆಂಬರ್ 5ರ ಚುನಾವಣೆಯ ವಾರಂಟನ್ನೇ ತೆಗೆದುಕೊಳ್ಳಿ. ಮತದಾನದ ಅವಧಿ ಬೆಳಗ್ಗೆ 7ರಿಂದ ರಾತ್ರಿ 8. ಬಳಿಕ ಹುದ್ದೆಗಳ ಪಟ್ಟಿ: ರಾಷ್ಟ್ರಾಧ್ಯಕ್ಷ ಮತ್ತು ಉಪಾಧ್ಯಕ್ಷ, ಸೆನೆಟರ್, ಕಾಂಗ್ರೆಸ್ ಪ್ರತಿನಿಧಿ, ಗವರ್ನರ್ ಸಲಹಾ ಮಂಡಳಿಯ ಸದಸ್ಯ, ‘ಜನರಲ್ ಕೋರ್ಟ್’ನ ಉಭಯ ಸದನಗಳ ಸದಸ್ಯರು, ನ್ಯಾಯಾಲಯದ ಕ್ಲರ್ಕ್, ದಸ್ತಾವೇಜು ನೋಂದಣಾಧಿಕಾರಿ. (ಜನರಲ್ ಕೋರ್ಟ್ ಎಂದರೆ ನ್ಯಾಯಾಲಯವಲ್ಲ, ರಾಜ್ಯದ ಶಾಸನಸಭೆ. ಹೊಸಬರು ಇಲ್ಲಿ ಎಡವುವುದು ಸಹಜ.) ಅದರ ನಂತರ ಬಂದದ್ದು ಐದು ಪ್ರಶ್ನೆಗಳು. ಕೆಲವು ಕ್ಷೇತ್ರಗಳಲ್ಲಿ ಆರನೆಯದೂ ಇತ್ತು. ಶಾಸಕನಿಗೆ ಜನರ ಅಭಿಪ್ರಾಯ ತಿಳಿಸಲು ಮಾತ್ರ ಕೇಳುವ, ಕಾನೂನಿನ ಬಲವಿಲ್ಲದ ಇಂಥ ಪ್ರಶ್ನೆಗಳು ಒಂದು ಊರಿನಲ್ಲಿದ್ದು ಪಕ್ಕದ ಊರಿನಲ್ಲಿ ಇಲ್ಲದಿರಬಹುದು. ತನ್ನ ಊರಿನ ಮತಪತ್ರದಲ್ಲಿ ಏನಿದೆ ಎಂಬುದನ್ನು ರಾಜ್ಯದ ಪತ್ರಿಕೆ ಓದಿ ಪೂರ್ತಿಯಾಗಿ ತಿಳಿಯಲಾಗದು. ಊರಿನ ವಾರಂಟನ್ನೇ ನೋಡಬೇಕು.

ಪ್ರಶ್ನೆ ಹುಟ್ಟುವ ಬಗೆ

ಈ ಅಧಿಕಾರ ಜನರಿಗೆ ದೊರೆತದ್ದು 1918ರಲ್ಲಿ, ರಾಜ್ಯ ಸಂವಿಧಾನದ 48ನೇ ತಿದ್ದುಪಡಿಯ ಮೂಲಕ. ಹತ್ತು ಮಂದಿ ನೋಂದಾಯಿತ ಮತದಾರರು ಸಹಿ ಹಾಕಿದರೆ ಪ್ರಸ್ತಾವ ಅಟಾರ್ನಿ ಜನರಲ್ ಕಚೇರಿ ತಲುಪುತ್ತದೆ. ಧರ್ಮ, ನ್ಯಾಯಾಧೀಶರ ನೇಮಕ, ನಿರ್ದಿಷ್ಟ ಕಾಮಗಾರಿಗೆ ಹಣ ಮಂಜೂರಾತಿ, ಒಂದೇ ಊರಿಗೆ ಸಂಬಂಧಿಸಿದ ವಿಷಯಗಳನ್ನು ಜನರ ಮುಂದೆ ಇಡುವಂತಿಲ್ಲ. ಅಲ್ಲಿ ಒಪ್ಪಿಗೆ ದೊರೆತ ಮೇಲೆ ಸಹಿ ಸಂಗ್ರಹ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಶೇ 3ರಷ್ಟು ಸಹಿ ಬೇಕು. 2024ರ ಪ್ರಶ್ನೆಗಳಿಗೆ ಈ ಸಂಖ್ಯೆ 74,574. ಯಾವುದೇ ಒಂದು ಕೌಂಟಿಯಿಂದ ಕಾಲು ಭಾಗಕ್ಕಿಂತ ಹೆಚ್ಚು ಸಹಿ ಲೆಕ್ಕಕ್ಕಿಲ್ಲ. ಬಾಸ್ಟನ್ ಸುತ್ತಮುತ್ತಲ ಜನ ಮಾತ್ರ ಸೇರಿ ಇಡೀ ರಾಜ್ಯಕ್ಕೆ ಪ್ರಶ್ನೆ ಹೇರಬಾರದೆಂಬ ಎಚ್ಚರಿಕೆ ಇದು. ಸಹಿ ಮಾಡಿದವರು ನಿಜಕ್ಕೂ ಆ ಊರಿನ ಮತದಾರರೇ ಎಂಬುದನ್ನು ಆಯಾ ಊರಿನ ಅಧಿಕಾರಿಗಳೇ ಪರಿಶೀಲಿಸುತ್ತಾರೆ. ಅರ್ಜಿಯ ಹಾಳೆಯ ಮೇಲೆ ಅನವಶ್ಯಕ ಗುರುತು ಬಿದ್ದರೂ ಆ ಹಾಳೆಯ ಸಹಿಗಳೆಲ್ಲ ಅನೂರ್ಜಿತವಾಗುವಷ್ಟು ಬಿಗಿ ನಿಯಮ.

ಇಷ್ಟಾದರೂ ಪ್ರಶ್ನೆ ನೇರವಾಗಿ ಮತಪತ್ರಕ್ಕೆ ಹೋಗುವುದಿಲ್ಲ. ಮೊದಲು ಶಾಸನಸಭೆಯ ಮುಂದೆ ಹೋಗುತ್ತದೆ. ಮೇ ತಿಂಗಳ ಆರಂಭದೊಳಗೆ ಅದು ಅಂಗೀಕರಿಸದಿದ್ದರೆ ಪ್ರಸ್ತಾವಕರು ಇನ್ನೂ ಶೇ 0.5ರಷ್ಟು ಸಹಿ ತರಬೇಕು. ಆಮೇಲಷ್ಟೇ ನವೆಂಬರ್ ಮತದಾನ. ಅಂಗೀಕಾರಕ್ಕೆ ಆ ಪ್ರಶ್ನೆಗೆ ಉತ್ತರಿಸಿದವರ ಬಹುಮತದ ಜತೆಗೆ, ‘ಹೌದು’ ಮತಗಳು ಒಟ್ಟು ಚಲಾವಣೆಯಾದ ಮತಪತ್ರಗಳ ಶೇ 30ರಷ್ಟಾದರೂ ಇರಬೇಕು.

ಮನೆಗೆ ಬರುವ ಕೈಪಿಡಿ

ಗೋಡೆಯ ಮೇಲಿನ ವಾರಂಟ್ ಕಾನೂನಿನ ಅಗತ್ಯ. ಆದರೆ ಇಂದು ಟೌನ್ ಹಾಲ್ ಬಾಗಿಲ ಬಳಿ ನಿಂತು ಓದುವವರೆಷ್ಟು? ನಿಜವಾದ ತಿಳಿವಳಿಕೆ ಸಿಗುವುದು ರಾಜ್ಯ ಕಾರ್ಯದರ್ಶಿಯ ಕಚೇರಿ ಮತದಾರರ ಮನೆಗಳಿಗೆ ಅಂಚೆಯಲ್ಲಿ ಕಳುಹಿಸುವ ‘ಮತದಾರರಿಗೆ ಮಾಹಿತಿ’ ಎಂಬ ಕೈಪಿಡಿಯಿಂದ. ವಿಲಿಯಂ ಗ್ಯಾಲ್ವಿನ್ 1994ರಿಂದ ಸತತವಾಗಿ ಈ ಹುದ್ದೆಗೆ ಆರಿಸಿ ಬಂದವರು. ಪ್ರತಿ ಪ್ರಶ್ನೆಯ ಸಾರಾಂಶ, ‘ಹೌದು’ ಎಂದರೆ ಏನಾಗುತ್ತದೆ, ‘ಇಲ್ಲ’ ಎಂದರೆ ಏನಾಗುತ್ತದೆ, ಸರ್ಕಾರದ ಬೊಕ್ಕಸದ ಮೇಲೆ ಏನು ಪರಿಣಾಮ, ಪರ ಮತ್ತು ವಿರೋಧದ ವಾದಗಳು, ಕೊನೆಗೆ ಪ್ರಸ್ತಾವಿತ ಕಾನೂನಿನ ಪೂರ್ಣ ಪಾಠ ಇದರಲ್ಲಿರುತ್ತವೆ. ಎರಡೂ ಪಕ್ಷಗಳ ವಾದಕ್ಕೆ ತಲಾ 150 ಪದಗಳಷ್ಟೇ ಸ್ಥಳ. ಕೋಟ್ಯಂತರ ಡಾಲರ್ ಜಾಹೀರಾತು ಸುರಿಯುವವರಿಗೂ ಅಷ್ಟೇ, ಕಾಸಿಲ್ಲದವರಿಗೂ ಅಷ್ಟೇ. ಈ ಲೇಖಕನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ನ್ಯಾಯಯುತವಾದ ಭಾಗ ಇದೇ.

2024ರಲ್ಲಿ ಜನ ಏನೆಂದರು?

ಮೊದಲ ಪ್ರಶ್ನೆ ರಾಜ್ಯದ ಲೆಕ್ಕಪರಿಶೋಧಕರಿಗೆ ಶಾಸನಸಭೆಯ ಲೆಕ್ಕ ತಪಾಸಣೆ ಮಾಡುವ ಅಧಿಕಾರ ನೀಡಬೇಕೇ ಎಂಬುದು. ಸುಮಾರು ಶೇ 72ರಷ್ಟು ಜನ ಹೌದೆಂದರು. ಎರಡನೆಯದು ಎಸ್ಸೆಸ್ಸೆಲ್ಸಿ ಆತಂಕ ಬಲ್ಲ ನಮ್ಮ ಪಾಲಕರಿಗೆ ಬೇಗ ಅರ್ಥವಾಗುವಂಥದು. ಪ್ರೌಢಶಾಲಾ ಪದವಿ ಪಡೆಯಲು ಹತ್ತನೇ ತರಗತಿಯಲ್ಲಿ ಬರೆಯುವ ‘ಎಂಕ್ಯಾಸ್’ ಎಂಬ ರಾಜ್ಯಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು 2003ರಿಂದ ಕಡ್ಡಾಯವಾಗಿತ್ತು. ಶಿಕ್ಷಕರ ಸಂಘ ಈ ಕಡ್ಡಾಯ ಬೇಡವೆಂದಿತು. ಗವರ್ನರ್ ಮೌರಾ ಹೀಲಿ ಕಡ್ಡಾಯ ಇರಲಿ ಎಂದರು. ಸುಮಾರು ಶೇ 59ರಷ್ಟು ಮತದಾರರು ಶಿಕ್ಷಕರ ಪರ ನಿಂತರು. ಪರೀಕ್ಷೆ ಉಳಿಯಿತು, ಪದವಿಗೆ ಅದರ ಕಡ್ಡಾಯ ಹೋಯಿತು.

ಊಬರ್, ಲಿಫ್ಟ್ ಚಾಲಕರು ಸಂಘ ಕಟ್ಟಿ ಸಾಮೂಹಿಕವಾಗಿ ಚೌಕಾಸಿ ಮಾಡಲು ಅವಕಾಶ ನೀಡುವ ಮೂರನೆಯ ಪ್ರಶ್ನೆಯೂ ಗೆದ್ದಿತು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಬಂದದ್ದು ಸರ್ಕಾರ ಮತ್ತು ಶಾಸನಸಭೆಯ ಮೂಲಕ. ಅಲ್ಲಿ ಚಾಲಕರ ಹಕ್ಕನ್ನು ತೀರ್ಮಾನಿಸಿದವರು ಪ್ರಯಾಣಿಕರೂ ಸೇರಿದ ಮತದಾರರು. ಮನೋವಿಕಾರಕಾರಿ ಅಣಬೆ ಇತ್ಯಾದಿಗಳ ನಿಯಂತ್ರಿತ ಬಳಕೆ ಮತ್ತು ಹೋಟೆಲ್ ಮಾಣಿಗಳ ಕನಿಷ್ಠ ವೇತನ ಹೆಚ್ಚಳದ ಪ್ರಶ್ನೆಗಳು ಬಿದ್ದುಹೋದವು.

ಗೆದ್ದ ಮೇಲೂ ಉಳಿಯುವ ಜಗ್ಗಾಟ

ಜನ ಮಾಡಿದ ಕಾನೂನು ಶಾಶ್ವತವೇ? ಅಲ್ಲ. ಸಾಮಾನ್ಯ ಕಾನೂನಿನಂತೆ ಶಾಸನಸಭೆ ಅದನ್ನೂ ತಿದ್ದಬಹುದು, ರದ್ದುಪಡಿಸಲೂಬಹುದು. ಚುನಾವಣಾ ವೆಚ್ಚಕ್ಕೆ ಸಾರ್ವಜನಿಕ ಹಣ ನೀಡುವ ಕಾನೂನನ್ನು 1998ರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಒಪ್ಪಿದ್ದರು; 2003ರಲ್ಲಿ ಶಾಸನಸಭೆ ಅದನ್ನು ತೆಗೆದುಹಾಕಿತು. ಆದಾಯ ತೆರಿಗೆಯನ್ನು ಶೇ 5ಕ್ಕೆ ಇಳಿಸಬೇಕೆಂದು 2000ದಲ್ಲಿ ಜನ ಹೇಳಿದರು. 2002ರಲ್ಲಿ ಶಾಸನಸಭೆ ಅದನ್ನು ಶೇ 5.3ರಲ್ಲೇ ತಡೆಹಿಡಿಯಿತು. ಶೇ 5 ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಅಂದರೆ ಎರಡು ದಶಕಗಳ ನಂತರ! 2024ರ ಲೆಕ್ಕ ತಪಾಸಣೆಯ ತೀರ್ಪಿಗೂ ಸದನಗಳ ನಾಯಕರು ಅಧಿಕಾರ ವಿಭಜನೆಯ ತತ್ವವನ್ನು ಮುಂದೊಡ್ಡಿ ತಲೆಬಾಗಲಿಲ್ಲ. ಲೆಕ್ಕಪರಿಶೋಧಕಿ ಡಯಾನಾ ಡಿಝೋಗ್ಲಿಯೊ ಮತ್ತು ಶಾಸನಸಭೆಯ ನಡುವಿನ ಜಗ್ಗಾಟ 2025ರ ಉದ್ದಕ್ಕೂ ನಡೆಯಿತು.

ಇದಕ್ಕೆ ವ್ಯತಿರಿಕ್ತವಾಗಿ ಕೆಲವು ಉತ್ತರಗಳು ಊರಿನ ಬದುಕಿಗೆ ಆಳವಾಗಿ ಇಳಿದುಬಿಡುತ್ತವೆ. ಆಸ್ತಿ ತೆರಿಗೆಯಿಂದ ಪಟ್ಟಣ ಸಂಗ್ರಹಿಸುವ ಒಟ್ಟು ಮೊತ್ತ ವರ್ಷಕ್ಕೆ ಶೇ 2.5ಕ್ಕಿಂತ ಹೆಚ್ಚು ಏರಬಾರದೆಂಬ ಮಿತಿ 1980ರ ಮತಪತ್ರದಲ್ಲಿ ಹುಟ್ಟಿದ್ದು. ಹೊಸ ಕಟ್ಟಡಗಳಿಂದ ಬರುವ ತೆರಿಗೆ ಈ ಮಿತಿಗೆ ಹೊರತು. ಅದನ್ನು ಮೀರಬೇಕಾದರೆ ಇಂದಿಗೂ ಪಟ್ಟಣ ತನ್ನ ಮತದಾರರ ಅನುಮತಿ ಕೇಳಬೇಕು. ಶಾಲೆಯ ಆಯವ್ಯಯ, ಅಗ್ನಿಶಾಮಕ ಸಿಬ್ಬಂದಿ ಎಲ್ಲವೂ ಈ ಗೆರೆಯೊಳಗೇ. ಇನ್ನೊಂದು ಉದಾಹರಣೆ 2016ರ ಗಾಂಜಾ ಪ್ರಶ್ನೆ. ಕಾನೂನುಬದ್ಧಗೊಳಿಸಲು ರಾಜ್ಯ ಹೌದೆಂದಿತು. ಆದರೆ ‘ಇಲ್ಲ’ ಎಂದಿದ್ದ ಊರುಗಳು ಪ್ರತ್ಯೇಕ ಮತದಾನವಿಲ್ಲದೆ 2019ರ ಅಂತ್ಯದವರೆಗೆ ಸ್ಥಳೀಯ ನಿಯಮದಿಂದಲೇ ಅಂಗಡಿ ನಿಷೇಧಿಸಬಹುದು, ‘ಹೌದು’ ಎಂದ ಊರುಗಳು ನಿಷೇಧಕ್ಕೆ ಮತ್ತೆ ಮತದಾರರ ಬಳಿ ಹೋಗಬೇಕು ಎಂದು 2017ರ ಕಾನೂನು ವಿಧಿಸಿತು. ರಾಜ್ಯದ ಪ್ರಶ್ನೆಗೆ ತಾವು ನೀಡಿದ ಉತ್ತರ ತಮ್ಮೂರಿನ ಮುಂದಿನ ದಾರಿಯನ್ನೂ ನಿರ್ಧರಿಸಿತೆಂಬುದು ಬಹುಮಂದಿಗೆ ಆಮೇಲೆ ತಿಳಿಯಿತು.

ಅಲ್ಲಿರುವ ನಮ್ಮವರು ಗಮನಿಸಬೇಕಾದ್ದು

ಬಾಸ್ಟನ್ ಮತ್ತು ಸುತ್ತಲಿನ ಪಟ್ಟಣಗಳಲ್ಲಿ ಕನ್ನಡಿಗರೂ ನೆಲೆಸಿದ್ದಾರೆ. ಮಕ್ಕಳ ಮನೆಗೆ ಹೋದ ಹಿರಿಯರ ಕಣ್ಣಿಗೂ ಈ ಸೂಚನೆಗಳು ಬೀಳುತ್ತವೆ. ಇಲ್ಲೊಂದು ಗಂಭೀರ ಎಚ್ಚರಿಕೆ ಅಗತ್ಯ. ವಾರಂಟ್ ಕರೆಯುವುದು ‘ಮತದಾನದ ಹಕ್ಕುಳ್ಳ’ ನಿವಾಸಿಗಳನ್ನು ಮಾತ್ರ. ಎಚ್-1ಬಿ ವೀಸಾದವರಿಗಾಗಲಿ, ಗ್ರೀನ್ ಕಾರ್ಡ್ ಪಡೆದವರಿಗಾಗಲಿ ಆ ಹಕ್ಕಿಲ್ಲ. ಅಮೆರಿಕದ ಪೌರತ್ವ ಪಡೆದವರಿಗಷ್ಟೇ ಉಂಟು. ಪೌರರಲ್ಲದವರು ರಾಷ್ಟ್ರಮಟ್ಟದ ಹುದ್ದೆಗಳ ಚುನಾವಣೆಯಲ್ಲಿ ಮತ ಹಾಕುವುದು 1996ರ ಕಾನೂನಿನ ಪ್ರಕಾರ ಅಪರಾಧ. ಅದು ಗಡೀಪಾರಿಗೂ ದಾರಿಯಾಗಬಹುದು. ಪಟ್ಟಣ ಪ್ರತಿವರ್ಷ ಎಲ್ಲ ಮನೆಗಳಿಗೂ ಕಳುಹಿಸುವ ನಿವಾಸಿಗಳ ಗಣತಿ ನಮೂನೆಗೆ ಉತ್ತರಿಸುವುದು ತಪ್ಪಲ್ಲ. ಅದು ಮತದಾರರ ನೋಂದಣಿಯಲ್ಲ. ವಾಹನ ಪರವಾನಗಿ ಕಚೇರಿಯಲ್ಲಿ ಪೌರತ್ವದ ಬಗ್ಗೆ ಕೇಳಿದಾಗ ಮಾತ್ರ ಉತ್ತರ ಎರಡು ಬಾರಿ ಓದಿ ಬರೆಯಬೇಕು.

ಪೌರತ್ವ ಪಡೆದವರು ಚುನಾವಣೆಗೆ ಹತ್ತು ದಿನ ಮುಂಚಿನವರೆಗೂ ಹೆಸರು ನೋಂದಾಯಿಸಿಕೊಳ್ಳಬಹುದು. 2022ಕ್ಕೆ ಮುನ್ನ ಈ ಗಡುವು ಇಪ್ಪತ್ತು ದಿನವಾಗಿತ್ತು. ಅಂಚೆ ಮೂಲಕ ಮತ ಹಾಕುವುದೂ ಅದೇ ವರ್ಷದಿಂದ ಕಾಯಂ ಸೌಲಭ್ಯ. ಮುಂಚಿತವಾಗಿ ಮತಗಟ್ಟೆಗೆ ಹೋಗಿ ಹಾಕುವುದಕ್ಕೂ ಅವಕಾಶವಿದೆ. ಸಂದೇಹವಿದ್ದರೆ ಟೌನ್ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸಬಹುದು. ಎಲ್ಲ ಪ್ರಶ್ನೆಗಳಿಗೂ ಉತ್ತರಿಸಲೇಬೇಕೆಂಬ ನಿರ್ಬಂಧವಿಲ್ಲ. ತಿಳಿಯದ ಪ್ರಶ್ನೆಯನ್ನು ಖಾಲಿ ಬಿಟ್ಟರೆ ಉಳಿದ ಮತಗಳು ಕೆಡುವುದಿಲ್ಲ.