ಡಿಜಿಟಲ್ ಫೋಟೊಗಳ ಜೋಡಣೆ

ಮೊಬೈಲ್, ಕ್ಯಾಮೆರಾ, ಸ್ಕ್ಯಾನರ್‌ಗಳಿಂದ ಬಂದ ಚಿತ್ರಗಳನ್ನು ದಿನಾಂಕ, ಊರು, ವ್ಯಕ್ತಿ, ಸಂದರ್ಭಗಳ ಪ್ರಕಾರ ವಿಂಗಡಿಸಿ, ಬೇಕೆಂದಾಗ ಕೈಗೆ ಸಿಗುವಂತೆ ಇಡುವ ಕೆಲಸ. 2001ರಲ್ಲಿ ಆರಂಭವಾದ ಡಿಜಿಕ್ಯಾಮ್ ಇದಕ್ಕೆ ಒದಗುವ ಉಚಿತ, ಮುಕ್ತ ತಂತ್ರಾಂಶ. ಮನೆಮಾತಾಗಿದ್ದ ಗೂಗಲ್‌ನ ಪಿಕಾಸಾ 2016ರಲ್ಲಿ ನಿಂತುಹೋಯಿತು.

ಕ್ಯಾಮೆರಾ ಪ್ರತಿ ಚಿತ್ರದೊಳಗೂ ತೆಗೆದ ಹೊತ್ತನ್ನು ‘ಎಕ್ಸಿಫ್’ ಮಾಹಿತಿಯಾಗಿ ಬರೆದಿಡುತ್ತದೆ; ಕಾಲಾನುಕ್ರಮಕ್ಕೆ ಅದೇ ಆಧಾರ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಬಂದದ್ದರಲ್ಲಿ ಅದು ಉಳಿದಿರುವುದಿಲ್ಲ. ಸ್ಕ್ಯಾನ್ ಮಾಡಿದ ಅಜ್ಜಿಯ ಮದುವೆ ಫೋಟೊ, ಸ್ಕ್ಯಾನ್ ಮಾಡಿದ ದಿನವನ್ನೇ ಹೊತ್ತು, ನಿನ್ನೆ ಮೊನ್ನೆಯ ಚಿತ್ರಗಳ ನಡುವೆ ಬಂದು ಕೂರುತ್ತದೆ. ಅಂಥವಕ್ಕೆ ದಿನಾಂಕವನ್ನು ಕೈಯಾರೆ ತಿದ್ದಬೇಕು.

ಊರು, ವ್ಯಕ್ತಿಗಳ ಹೆಸರನ್ನು ಚಿತ್ರಕ್ಕೆ ಅಂಟಿಸುವ ಟ್ಯಾಗ್‌ನಲ್ಲಿ ಕಾಗುಣಿತವೇ ದೊಡ್ಡ ತೊಡಕು. ನೆಲಮಂಗಲ ತಾಲ್ಲೂಕಿನ ಅರಿಶಿನಕುಂಟೆಯನ್ನೇ ನೋಡಿ: ಒಮ್ಮೆ ‘ಅರಿಶಿನಕುಂಟೆ’, ಇನ್ನೊಮ್ಮೆ ‘ಅರಿಸಿನಕುಂಟೆ’ ಎಂದು ಬರೆದರೆ ಯೂನಿಕೋಡ್‌ನಲ್ಲಿ ಶ, ಸ ಬೇರೆ ಬೇರೆಯಾದ್ದರಿಂದ ಒಂದೇ ಊರಿನ ಚಿತ್ರಗಳು ಎರಡು ಪಾಲಾಗುತ್ತವೆ. ‘ನೆಲಮಂಗಲ’ದ ಕೆಳಗೆ ಒಂದೇ ರೂಪವನ್ನು ನಿಲ್ಲಿಸಿ, ಪ್ರತಿ ಸಲವೂ ಅದನ್ನೇ ಆರಿಸುವುದು ಒಳ್ಳೆಯದು.

ಮುಖ ಗುರುತಿಸುವ ಸೌಲಭ್ಯ ಒಂದೇ ಮುಖದ ಚಿತ್ರಗಳನ್ನು ಒಟ್ಟುಗೂಡಿಸೀತು. ಆದರೆ ಆ ಮುಖ ಸೋದರತ್ತೆಯದೋ ಚಿಕ್ಕಮ್ಮನದೋ ಎಂಬುದನ್ನು ಹಿರಿಯರ ಪಕ್ಕ ಕುಳಿತೇ ಕೇಳಿ ಬರೆದುಕೊಳ್ಳಬೇಕು. ಹಾಗೆ ಬರೆದ ಹೆಸರುಗಳನ್ನು ತಂತ್ರಾಂಶದ ದತ್ತಸಂಚಯದಲ್ಲಷ್ಟೇ ಬಿಡದೆ ಚಿತ್ರದ ಕಡತದೊಳಕ್ಕೂ ಬರೆಸಿದರೆ, ಮುಂದೆ ತಂತ್ರಾಂಶ ಬದಲಾದರೂ ಅವು ಚಿತ್ರದ ಜೊತೆಗೇ ಹೋಗುತ್ತವೆ.