ಬಾಸ್ಟನ್ ಬಂದರಿನಿಂದ ತಿಮಿಂಗಿಲ ದರ್ಶನ

ಮಕ್ಕಳು ಅಮೆರಿಕದ ಬಾಸ್ಟನ್ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ನಮ್ಮ ನಡುವೆ ಹಲವಾರಿವೆ. ಬೇಸಿಗೆಯಲ್ಲಿ ಅಲ್ಲಿಗೆ ತೆರಳುವ ತಂದೆತಾಯಿಗಳಿಗೆ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ತೋರಿಸಿದ ಬಳಿಕ ಮಕ್ಕಳು ಸಾಮಾನ್ಯವಾಗಿ ಕರೆದೊಯ್ಯುವುದು ಬಂದರಿಗೆ. ಅಲ್ಲಿಂದ ಹೊರಡುವ ನಾವೆಯು ಪ್ರಯಾಣಿಕರನ್ನು ತೆರೆದ ಅಟ್ಲಾಂಟಿಕ್ ಸಾಗರಕ್ಕೆ ಕೊಂಡೊಯ್ದು, ತಿಮಿಂಗಿಲಗಳನ್ನು ತೋರಿಸಿ, ಮೂರೂವರೆ–ನಾಲ್ಕು ಗಂಟೆಗಳಲ್ಲಿ ಮರಳಿ ದಡಕ್ಕೆ ತಲುಪಿಸುತ್ತದೆ. ಇದೊಂದು ವಿಹಾರವೆಂದಷ್ಟೇ ತಿಳಿದು ಮಗಳು-ಅಳಿಯನೊಡನೆ ನಾವೆಯೇರಿದವನು ನಾನು. ಆದರೆ ಈ ನಾವೆಗಳು ಮಾಡಿರುವ ಕೆಲಸ ವಿಹಾರಕ್ಕಿಂತ ದೊಡ್ಡದು. ಆ ಕಾರಣದಿಂದಲೇ ಈ ಮಾಹಿತಿಯನ್ನು ಓದುಗರ ಮುಂದಿಡುತ್ತಿದ್ದೇನೆ.

ನಾವೆ ಹೊರಡುವ ಸ್ಥಳ ಸೆಂಟ್ರಲ್ ವಾರ್ಫ್ ಎಂಬ ಧಕ್ಕೆ. ಪಕ್ಕದಲ್ಲೇ ನ್ಯೂ ಇಂಗ್ಲೆಂಡ್ ಅಕ್ವೇರಿಯಮ್ ಎಂಬ ಮತ್ಸ್ಯಾಲಯವಿದೆ. ಭೂಗತ ರೈಲಿನ ಬ್ಲೂ ಲೈನ್‌ನಲ್ಲಿ 'ಅಕ್ವೇರಿಯಮ್' ನಿಲ್ದಾಣದಲ್ಲಿ ಇಳಿದರೆ ಕೆಲವೇ ಹೆಜ್ಜೆಗಳ ದೂರ. ನಮ್ಮ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚುಗಳನ್ನು ಕಲ್ಪಿಸಿಕೊಳ್ಳಬಾರದು; ಇವು ಎರಡು ಒಡಲುಗಳನ್ನು ಜೋಡಿಸಿ ಕಟ್ಟಿದ, ಬಹು ವೇಗದ ಕ್ಯಾಟಮರಾನ್ ನಾವೆಗಳು. ವಿಮಾನ ನಿಲ್ದಾಣವನ್ನೂ ಬಂದರಿನ ದ್ವೀಪಗಳನ್ನೂ ದಾಟಿದ ಮೇಲೆ ನಗರವು ಹಿಂದೆ ಚಿಕ್ಕದಾಗುತ್ತಾ ಹೋಗುತ್ತದೆ. ಬಂದರಿನ ಬಾಯಿಯಲ್ಲಿರುವ ದೀಪಸ್ತಂಭ 1716ರಲ್ಲಿ ಸ್ಥಾಪನೆಯಾದುದು. ಅಮೆರಿಕದ ಮೊತ್ತಮೊದಲ ದೀಪಸ್ತಂಭ ಇದೇ.

ನಾವೆಯ ಗುರಿ ಸ್ಟೆಲ್‌ವ್ಯಾಗನ್ ಬ್ಯಾಂಕ್. ನನ್ನ ವೃತ್ತಿಯ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ! ಕಡಲಿನಡಿ ಹುದುಗಿರುವ ಮರಳು-ಜಲ್ಲಿಯ ದಿಬ್ಬವಿದು. ಹಿಮಯುಗದ ನೀರ್ಗಲ್ಲುಗಳು ಇದನ್ನು ರೂಪಿಸಿದವು. 1854ರಲ್ಲಿ ಇದರ ಅಳತೆ ಮಾಡಿದ ನೌಕಾಧಿಕಾರಿ ಹೆನ್ರಿ ಸ್ಟೆಲ್‌ವ್ಯಾಗನ್ ಅವರ ಹೆಸರು ಇದಕ್ಕೆ ಉಳಿದಿದೆ. ಉತ್ತರದ ಕೇಪ್ ಆನ್ ಮತ್ತು ದಕ್ಷಿಣದ ಕೇಪ್ ಕಾಡ್ ಎಂಬ ಎರಡು ಭೂಶಿರಗಳ ನಡುವೆ ಇದು ಚಾಚಿಕೊಂಡಿದೆ. ಆಳದ ನೀರು ಈ ದಿಬ್ಬಕ್ಕೆ ತಾಗಿ ಮೇಲೇರುವಾಗ ಪೋಷಕಾಂಶಗಳನ್ನು ಹೊತ್ತು ತರುತ್ತದೆ. ಅದರಿಂದ ಸೂಕ್ಷ್ಮ ಜೀವಿಗಳು, ಅವನ್ನು ತಿನ್ನುವ ಸಣ್ಣ ಮೀನುಗಳು, ಆ ಮೀನುಗಳನ್ನು ಅರಸಿ ಬರುವ ತಿಮಿಂಗಿಲಗಳು – ಹೀಗೆ ಸರಪಳಿ ಬೆಳೆಯುತ್ತದೆ. 1992ರಲ್ಲಿ ಅಮೆರಿಕ ಸರಕಾರವು ಈ ಪ್ರದೇಶವನ್ನು ರಾಷ್ಟ್ರೀಯ ಸಾಗರಧಾಮವೆಂದು ಘೋಷಿಸಿತು.

ಇಲ್ಲಿ ಹೆಚ್ಚಾಗಿ ಕಾಣಸಿಗುವುದು ಹಂಪ್‌ಬ್ಯಾಕ್ ಎಂದು ಹೆಸರಾದ ಗೂನುಬೆನ್ನಿನ ತಿಮಿಂಗಿಲ. ಫಿನ್ ಮತ್ತು ಮಿಂಕೆ ಜಾತಿಯವೂ ಕಾಣುತ್ತವೆ. ಹಂಪ್‌ಬ್ಯಾಕ್‌ಗಳು ಚಳಿಗಾಲವನ್ನು ಕೆರಿಬಿಯನ್ ಕಡಲಿನ ಬೆಚ್ಚನೆಯ ನೀರಿನಲ್ಲಿ ಕಳೆದು, ಮರಿ ಹಾಕಿ, ವಸಂತದಲ್ಲಿ ಆಹಾರಕ್ಕಾಗಿ ಉತ್ತರಕ್ಕೆ ಬರುತ್ತವೆ. ಆದ್ದರಿಂದ ಸಂಚಾರದ ಕಾಲ ಸುಮಾರಾಗಿ ವಸಂತದಿಂದ ನವೆಂಬರ್‌ವರೆಗೆ. (ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಇದೇ ಜಾತಿಯ ಒಂದು ಪುಟ್ಟ ಸಮೂಹವಿದೆ. ಅದು ಇಂಥ ದೂರದ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಇರುವುದೊಂದು ವಿಶೇಷ.)

ಹಂಪ್‌ಬ್ಯಾಕ್‌ನ ಬಾಲದ ಅಡಿಭಾಗದಲ್ಲಿರುವ ಕಪ್ಪು-ಬಿಳುಪಿನ ವಿನ್ಯಾಸವು ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ. ಅದು ಮುಳುಗುವ ಮುನ್ನ ಬಾಲವನ್ನು ಎತ್ತಿದಾಗ ತೆಗೆದ ಛಾಯಾಚಿತ್ರದಿಂದ ಗುರುತು ಹಿಡಿದು ಹೆಸರಿಡುತ್ತಾರೆ. ಮನುಷ್ಯರ ಹೆಸರುಗಳನ್ನು ಇಡುವುದಿಲ್ಲ. ಮೈಮೇಲಿನ ಗುರುತನ್ನು ನೆನಪಿಸುವ ಪದವನ್ನು ಆರಿಸುತ್ತಾರೆ. 1970ರ ದಶಕದಲ್ಲಿ ಮೊದಲು ಕಂಡ ಒಂದು ಹೆಣ್ಣು ತಿಮಿಂಗಿಲದ ಬೆನ್ನಿನ ಈಜುರೆಕ್ಕೆಯ ಮೇಲೆ ಉಪ್ಪು ಚೆಲ್ಲಿದಂಥ ಬಿಳಿ ಕಲೆಗಳಿದ್ದವು. ಅದಕ್ಕೆ 'ಸಾಲ್ಟ್' ಎಂದೇ ಹೆಸರಾಯಿತು. 1980ರಲ್ಲಿ ಅದರೊಂದಿಗೆ ಕಂಡ ಮರಿ 'ಕ್ರಿಸ್ಟಲ್'. ಮುಂದಿನವುಗಳಲ್ಲಿ 'ಟಬಾಸ್ಕೊ', 'ವಸಾಬಿ' ಸೇರಿವೆ. ನಮ್ಮವರಾಗಿದ್ದರೆ ಉಪ್ಪು, ಹುಳಿ, ಖಾರ ಎಂದು ಹೆಸರಿಡುತ್ತಿದ್ದರೇನೋ. 1978ರಲ್ಲಿ ಇದೇ ಸಾಲ್ಟ್ ಡೊಮಿನಿಕನ್ ಗಣರಾಜ್ಯದ ಕಡಲಿನಲ್ಲಿ ಕಾಣಿಸಿಕೊಂಡು, ಇಲ್ಲಿನ ತಿಮಿಂಗಿಲಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಸಾಕ್ಷಿಯೊದಗಿಸಿತು.

ಇದೇ ಪ್ರಾಂತದ ಇತಿಹಾಸವನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಬಾಸ್ಟನ್ನಿನ ದಕ್ಷಿಣಕ್ಕಿರುವ ನ್ಯೂ ಬೆಡ್‌ಫರ್ಡ್, ನ್ಯಾಂಟಕೆಟ್ ಬಂದರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲ ಬೇಟೆಗೆ ಜಗತ್ಪ್ರಸಿದ್ಧವಾಗಿದ್ದವು. ದೀಪ ಉರಿಸಲು ಬೇಕಾದ ಎಣ್ಣೆಗಾಗಿ ಆ ಬೇಟೆ. ಹರ್ಮನ್ ಮೆಲ್ವಿಲ್‌ನ 'ಮೊಬಿ ಡಿಕ್' ಕಾದಂಬರಿ (1851) ಹುಟ್ಟಿದ್ದು ಆ ಲೋಕದಿಂದಲೇ. ಹಣ ಕೊಟ್ಟು ತಿಮಿಂಗಿಲವನ್ನು ಸುಮ್ಮನೆ ನೋಡಿ ಬರುವ ಪದ್ಧತಿ ಬಹಳ ತಡವಾಗಿ ಬಂದುದು: ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ 1955ರಲ್ಲಿ, ಒಂದು ಡಾಲರ್ ಶುಲ್ಕಕ್ಕೆ. ಪೂರ್ವ ಕರಾವಳಿಯಲ್ಲಿ ಇದು ಕೇಪ್ ಕಾಡ್ ತುದಿಯ ಪ್ರಾವಿನ್ಸ್‌ಟೌನ್ ಊರಿನಿಂದ 1975ರಲ್ಲಿ ಆರಂಭವಾಯಿತು. ವಾಣಿಜ್ಯ ಬೇಟೆಗೆ ಅಂತಾರಾಷ್ಟ್ರೀಯ ತಡೆ ಜಾರಿಗೆ ಬಂದುದು 1986ರಲ್ಲಿ.

ಇನ್ನು ನಾನು ಆರಂಭದಲ್ಲಿ ಹೇಳಿದ ದೊಡ್ಡ ಕೆಲಸ. ಪ್ರತಿ ಸಂಚಾರದಲ್ಲಿಯೂ ನಾವೆಯಲ್ಲಿರುವ ಜೀವವಿಜ್ಞಾನಿ ಧ್ವನಿವರ್ಧಕದಲ್ಲಿ ವಿವರಣೆ ನೀಡುತ್ತಾರೆ. ಜೊತೆಗೆ ಯಾವ ತಿಮಿಂಗಿಲ, ಎಲ್ಲಿ, ಯಾವಾಗ, ಏನು ಮಾಡುತ್ತಿತ್ತು ಎಂಬುದು ದಾಖಲಾಗುತ್ತದೆ. ಒಂದು ದಿನದ ಟಿಪ್ಪಣಿಗೆ ಬೆಲೆಯಿಲ್ಲದಿರಬಹುದು. ಇಪ್ಪತ್ತೈದು ವರ್ಷಗಳ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ನಕ್ಷೆ ಮಾಡಿದಾಗ, ಬಾಸ್ಟನ್ನಿಗೆ ಬರುವ ಸರಕು ಹಡಗುಗಳ ಮಾರ್ಗವು ತಿಮಿಂಗಿಲಗಳು ಅತಿ ಹೆಚ್ಚು ಸೇರುವ ಜಾಗದ ಮೇಲೆಯೇ ಹಾದುಹೋಗುತ್ತಿರುವುದು ಸ್ಪಷ್ಟವಾಯಿತು. ಹಡಗಿನ ಹೊಡೆತಕ್ಕೆ ಸಿಕ್ಕಿ ಸಾಯುವುದು ತಿಮಿಂಗಿಲಗಳಿಗೆ ಇಂದಿನ ದೊಡ್ಡ ಅಪಾಯಗಳಲ್ಲೊಂದು. 2007ರ ಜುಲೈನಲ್ಲಿ ಆ ಮಾರ್ಗವನ್ನು ಉತ್ತರಕ್ಕೆ ತಿರುಗಿಸಲಾಯಿತು. ಹಡಗುಗಳಿಗೆ ತಗಲುವ ಹೆಚ್ಚಿನ ಸಮಯ ಹತ್ತರಿಂದ ಇಪ್ಪತ್ತೆರಡು ನಿಮಿಷ. ಡಿಕ್ಕಿಯ ಅಪಾಯದಲ್ಲಿ ಅಂದಾಜಿಸಿದ ಇಳಿಕೆ ಶೇಕಡಾ 81. ಜೀವನವಿಡೀ ಜಮಾ-ಖರ್ಚು ನೋಡಿದ ನನಗೆ ಇಂಥ ಲಾಭದ ಲೆಕ್ಕ ಅಪರೂಪವೆನಿಸಿತು. ಆ ದಾಖಲೆಗಳಲ್ಲಿ ಬಹುಪಾಲು ಬಂದುದು ಸಾಮಾನ್ಯ ಪ್ರವಾಸಿಗರ ಟಿಕೆಟಿನ ಹಣದಲ್ಲಿ ಓಡಿದ ನಾವೆಗಳಿಂದ.

ಆದರೆ ನೋಡುವವರೂ ನಿರಪರಾಧಿಗಳೆನ್ನುವಂತಿಲ್ಲ. ತಿಮಿಂಗಿಲ ನೋಡಲು ಹೋದ ನಾವೆಗಳೇ ಅವಕ್ಕೆ ಬಡಿದ ಪ್ರಸಂಗಗಳುಂಟು. ಅದಕ್ಕಾಗಿ ಮಾರ್ಗಸೂಚಿಗಳಿವೆ: ಎರಡು ಮೈಲಿ ದೂರದಿಂದಲೇ ಹಂತಹಂತವಾಗಿ ವೇಗ ತಗ್ಗಿಸಬೇಕು, ನೂರು ಅಡಿಗಿಂತ ಹತ್ತಿರಕ್ಕೆ ಒಯ್ಯಬಾರದು, ಬೇರೆ ನಾವೆಗಳು ಕಾಯುತ್ತಿದ್ದರೆ ಹದಿನೈದು ನಿಮಿಷಗಳಲ್ಲಿ ಜಾಗ ಬಿಟ್ಟುಕೊಡಬೇಕು. ರೈಟ್ ವ್ಹೇಲ್ ಎಂಬ ಜಾತಿಗೆ ನಿಯಮ ಇನ್ನೂ ಕಠಿಣ – ಐನೂರು ಗಜದೊಳಗೆ ಯಾರೂ ಹೋಗುವಂತಿಲ್ಲ. ನಿಧಾನವಾಗಿ ಈಜುವ, ಸತ್ತ ಮೇಲೂ ತೇಲುವ ಈ ಪ್ರಾಣಿ ಬೇಟೆಗೆ 'ಸರಿಯಾದ' ತಿಮಿಂಗಿಲವೆಂದೇ ಅದಕ್ಕೆ ಆ ಹೆಸರು ಬಂದಿತೆನ್ನುತ್ತಾರೆ. ಇಂದು ಉತ್ತರ ಅಟ್ಲಾಂಟಿಕ್‌ನಲ್ಲಿ ಉಳಿದಿರುವವು ನಾನೂರಕ್ಕೂ ಕಡಿಮೆ. ನಮ್ಮ ನಾವೆಯಲ್ಲಿ ಕೆಲವರು "ಇನ್ನೂ ಹತ್ತಿರ ಹೋಗಬಾರದೇ?" ಎಂದು ಗೊಣಗುತ್ತಿದ್ದರು. ಕಪ್ತಾನರು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ತಾಯಿ ಮರಿಯೊಡನೆ ತಾನಾಗಿಯೇ ನಾವೆಯತ್ತ ಬಂದು ಉಸಿರು ಬಿಟ್ಟಿತು. ಆ ಸದ್ದು ಇಡೀ ನಾವೆಗೆ ಕೇಳಿಸಿತು. ಗೊಣಗುತ್ತಿದ್ದವರು ಮೌನವಾದರು.

ಹೋಗಬಯಸುವವರಿಗೆ ಕೆಲವು ಸೂಚನೆಗಳು. ಜುಲೈ ತಿಂಗಳಾದರೂ ಕಡಲ ಗಾಳಿ ಕೊರೆಯುವಂತಿರುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲಿ. ವಾಂತಿಯ ಭಯವಿರುವವರು ವೈದ್ಯರನ್ನು ಕೇಳಿ, ಹೊರಡುವ ಮುನ್ನವೇ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿ ಪ್ರಯೋಜನವಿಲ್ಲ. ನಿರೂಪಕರು ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ: ನಾವೆಯ ಮೂತಿ ಹನ್ನೆರಡು ಗಂಟೆ, ಬಲಬದಿ ಮೂರು, ಹಿಂಬದಿ ಆರು. ತಿಮಿಂಗಿಲ ಒಂದೂ ಕಾಣದಿದ್ದರೆ ಸಾಮಾನ್ಯವಾಗಿ ಹಣ ಹಿಂದಿರುಗಿಸದೆ ಇನ್ನೊಂದು ಸಂಚಾರದ ಟಿಕೆಟ್ ಕೊಡುತ್ತಾರೆ. ಹೀಗಾಗಿ ಭಾರತಕ್ಕೆ ಮರಳುವ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳದೆ, ಹೋದ ಮೊದಲ ವಾರಗಳಲ್ಲೇ ಮುಗಿಸಿಕೊಳ್ಳುವುದು ಲೇಸು.